ಹಣ್ಣೆಲೆಯ ಬಣ್ಣ: ಎಲಿಯಟ್ ಪೋರ್ಟರ್‌ನ ಚಿತ್ರಗಳ ಎದುರು

ನಮ್ಮ ಮನೆಯ ಹಾಲಿನಲ್ಲಿ, ಟೀವಿಗೆ ಎದುರಿನ ಗೋಡೆಯ ಮೇಲೆ, ಹೆಚ್ಚುಕಡಿಮೆ ಬಾಗಿಲಿನಷ್ಟು ದೊಡ್ಡ 'ಸೀನರಿ' ಇತ್ತು. ಅಪ್ಪ ಅದನ್ನು ಶಿವಮೊಗ್ಗದ ಗಾಂಧಿ ಬಜಾರಿನಿಂದ ಸುರುಳಿ ಸುತ್ತಿಸಿಕೊಂಡು ತಂದಿದ್ದರು. ಎರಡೂ ಬದಿಗೆ ಕೆಂಪು, ಕಿತ್ತಳೆ, ಹಳದಿ ಮರಗಳು. ನಡುವೆ ಉದುರಿದ ಎಲೆ ಹಾಸಿಕೊಂಡ ದಾರಿ. ದಾರಿಯ ಕೊನೆಗೆ ಒಂದಿಷ್ಟು ಬಿಳಿ ಬೆಳಕು. ಯಾವ ದೇಶ, ಯಾವ ಕಾಡು ಎಂದು ಎಲ್ಲೂ ಬರೆದಿರಲಿಲ್ಲ. ಮನೆಗೆ ಬಂದವರನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಯುವುದು ರೂಢಿಯಾಗಿತ್ತು. ಹಾಗಾಗಿ ನಮ್ಮ ನೆಂಟರಲ್ಲಿ ಅರ್ಧ ಜನ ಆಲ್ಬಮ್ಮಿನಲ್ಲಿ ಅಮೆರಿಕದ ಅಥವಾ ಕೆನಡಾದ ಕಾಡಿನಲ್ಲಿ ನಿಂತಿದ್ದಾರೆ. ಅಮ್ಮ ಮಾತ್ರ ಧೂಳು ಒರೆಸುವಾಗ ಪ್ರತಿ ಸಲವೂ ಕೇಳುತ್ತಿದ್ದಳು: "ಅಲ್ವೇ, ಇದ್ಯಾವೂರ ಮರಗಳೇ? ಒಣಗಿ ಹೋಗಿದ್ರೂ ಇಷ್ಟು ಚೆಂದ ಕಾಣ್ತಾವಲ್ಲ!"

ಅಮ್ಮನ ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೆನ್ರಿ ಡೇವಿಡ್ ಥೋರೋನ ಒಂದು ಪ್ರಬಂಧದಲ್ಲಿ. ಅದನ್ನು ಓದಿದ್ದು ತೀರಾ ಈಚೆಗೆ, ನನ್ನ ಪಿಎಚ್‌ಡಿ ಕೆಲಸದ ನಡುವೆ. ಕನ್ನಡ ಗದ್ಯದಲ್ಲಿ ನಿಸರ್ಗ ವರ್ಣನೆ ಹೇಗೆ ಬದಲಾಯಿತು ಎಂಬುದು ನನ್ನ ವಿಷಯ. ನಮ್ಮ ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯೂ ಒಂದು. ಕವಿಯಾದವನು ಅದನ್ನು ಮಾಡಲೇಬೇಕು. ಆ ಕಟ್ಟಳೆ ಸಡಿಲಾದ ಮೇಲೆ, ನಿಜವಾದ ಒಂದು ಊರಿನ ನಿಜವಾದ ಒಂದು ಋತುವನ್ನು ಗದ್ಯ ಹೇಗೆ ಹಿಡಿಯಿತು ಎಂದು ಹುಡುಕುತ್ತ ಹೋದಾಗ ಥೋರೋ ಎದುರಾದ. ಅವನ ಬೆನ್ನಿಗೇ ಎಲಿಯಟ್ ಪೋರ್ಟರ್ ಎಂಬ ಛಾಯಾಗ್ರಾಹಕ ಬಂದ. ಈ ಲೇಖನ ಮುಖ್ಯವಾಗಿ ಪೋರ್ಟರ್‌ನ ಬಗ್ಗೆ. ಆದರೆ ಥೋರೋನಿಂದಲೇ ಶುರು ಮಾಡಬೇಕು.

'ಆಟಮ್ನಲ್ ಟಿಂಟ್ಸ್' ಎಂಬ ಆ ಪ್ರಬಂಧ 'ಅಟ್ಲಾಂಟಿಕ್ ಮಂಥ್ಲಿ' ಪತ್ರಿಕೆಯಲ್ಲಿ ಅಚ್ಚಾದದ್ದು 1862ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಥೋರೋ ಇರಲಿಲ್ಲ. ಕ್ಷಯದಿಂದ ಅದೇ ವರ್ಷದ ಮೇ 6ರಂದು ತೀರಿಕೊಂಡಿದ್ದ. ಮೊದಲು ಉಪನ್ಯಾಸವಾಗಿ ಓದಿದ್ದ ಬರಹವನ್ನು ಹಾಸಿಗೆ ಹಿಡಿದ ಕೊನೆಯ ತಿಂಗಳುಗಳಲ್ಲಿ ತಂಗಿ ಸೋಫಿಯಾಳ ನೆರವಿನಿಂದ ತಿದ್ದಿ ಪತ್ರಿಕೆಗೆ ಸಿದ್ಧ ಮಾಡಿದ್ದ. ಸಾಯುತ್ತಿರುವ ಮನುಷ್ಯ ಉದುರುವ ಎಲೆಗಳ ಬಗ್ಗೆ ಬರೆದದ್ದು ಎಂದರೆ ನಾವು ಏನನ್ನು ನಿರೀಕ್ಷಿಸುತ್ತೇವೋ ಅದು ಅಲ್ಲಿಲ್ಲ. ಅವನ ವಾದ ತುಂಬ ಸರಳ. ಬಣ್ಣ ತಿರುಗಿದ ಎಲೆಯನ್ನು ಬಾಡಿದ ಎಲೆ ಎಂದುಕೊಳ್ಳುವುದು, ಹಣ್ಣಾದ ಸೇಬನ್ನು ಕೊಳೆತ ಸೇಬು ಎಂದುಕೊಂಡ ಹಾಗೆ. ಎಲೆ ಒಣಗಿದ್ದಲ್ಲ, ಮಾಗಿದ್ದು. ಇಂಗ್ಲಿಷ್ ಓದುಗರಿಗೆ ಇದನ್ನು ಮನವರಿಕೆ ಮಾಡಲು ಅವನು ಸಾಕಷ್ಟು ಶ್ರಮ ಪಡುತ್ತಾನೆ; ಹಣ್ಣುಗಳ ಉದಾಹರಣೆ ತರುತ್ತಾನೆ, ಹಣ್ಣಿಗೆ ಬಣ್ಣ ಬರುವುದನ್ನೂ ಎಲೆಗೆ ಬಣ್ಣ ಬರುವುದನ್ನೂ ಜೋಡಿಸುತ್ತಾನೆ.

ಇದನ್ನು ಓದುತ್ತಾ ನನಗೆ ನಗು ಬಂತು. ಕನ್ನಡದಲ್ಲಿ ಇಷ್ಟು ವಾದ ಮಾಡುವ ಅಗತ್ಯವೇ ಇಲ್ಲ. ನಾವು ಅದನ್ನು ಕರೆಯುವುದೇ ಹಣ್ಣೆಲೆ ಎಂದು. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತಿತ್ತು ಎಂಬ ಗಾದೆ ಕೇಳದವರಿಲ್ಲ. ಮುದುಕರಿಗೂ ಹಣ್ಣು ಹಣ್ಣು ಮುದುಕರು ಎನ್ನುತ್ತೇವೆ. ಥೋರೋ ಒಂದು ಪುಟದಲ್ಲಿ ಸಾಧಿಸಿದ್ದನ್ನು ನಮ್ಮ ಭಾಷೆ ಒಂದು ಸಮಾಸದಲ್ಲಿ ಹೇಳಿ ಮುಗಿಸಿದೆ. ಆದರೂ ಗೋಡೆಯ ಮೇಲಿನ ಚಿತ್ರ ನೋಡಿದಾಗ ಅಮ್ಮನ ಬಾಯಲ್ಲಿ ಬಂದದ್ದು 'ಒಣಗಿ ಹೋದ' ಮರ ಎಂಬ ಮಾತೇ. ಹಣ್ಣೆಲೆ ಎಂಬ ಪದ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಚಿತ್ರಕ್ಕೂ ಆ ಪದಕ್ಕೂ ಸಂಬಂಧ ಇದೆ ಎಂದು ಅನ್ನಿಸಿರಲಿಲ್ಲ, ಅಷ್ಟೆ. ಭಾಷೆಯಲ್ಲಿರುವ ಅರಿವು ಕಣ್ಣಿಗೆ ಬರುವುದಿಲ್ಲವೆಂದರೆ ನಡುವೆ ಏನೋ ತಪ್ಪಿಹೋಗಿದೆ. ಪೋರ್ಟರ್ ನನಗೆ ಮುಖ್ಯನಾಗುವುದು ಇಲ್ಲಿ.

ಪ್ರಬಂಧದ ಆರಂಭದಲ್ಲಿ ಥೋರೋ ತನ್ನ ಒಂದು ಹಳೆಯ ಆಸೆಯನ್ನು ಹೇಳಿಕೊಳ್ಳುತ್ತಾನೆ. ಪ್ರತಿಯೊಂದು ಮರ, ಪೊದೆ, ಗಿಡದಿಂದ, ಅದರ ಬಣ್ಣ ಅತ್ಯಂತ ಕಳೆಯೇರಿದ ಹೊತ್ತಿಗೆ ಸರಿಯಾಗಿ, ಒಂದೊಂದು ಎಲೆ ಕಿತ್ತು, ಅದರ ಅಂಚನ್ನು ಬರೆದು, ಬಣ್ಣವನ್ನು ಹಾಗೇ ನಕಲು ಮಾಡಿ ಒಂದು ಪುಸ್ತಕ ಮಾಡಬೇಕು. ಅದರ ಹಾಳೆ ಮಗುಚಿದರೆ ಸಾಕು, ಬೇಕೆಂದಾಗ ಶರತ್ಕಾಲದ ಕಾಡಿನಲ್ಲಿ ಅಡ್ಡಾಡಿದಂತಾಗಬೇಕು. ಎಲೆಗಳನ್ನೇ ಬಣ್ಣಗೆಡದಂತೆ ಇಡಲು ಬಂದಿದ್ದರೆ ಇನ್ನೂ ಚೆನ್ನ. ಆದರೆ ಆ ಪುಸ್ತಕದಲ್ಲಿ ತಾನು ಹೆಚ್ಚು ಮುಂದುವರಿಯಲಿಲ್ಲ ಎಂದು ಒಪ್ಪಿಕೊಂಡು, ಅದರ ಬದಲಿಗೆ ಈ ಪ್ರಬಂಧ ಬರೆಯುತ್ತಾನೆ. ಎಂದರೆ ನಾವು ಓದುತ್ತಿರುವುದು ಆಗದೇ ಹೋದ ಚಿತ್ರಪುಸ್ತಕದ ಬದಲಿ.

ಸರಿಯಾಗಿ ನೂರು ವರ್ಷದ ನಂತರ, 1962ರಲ್ಲಿ, ಆ ಚಿತ್ರಪುಸ್ತಕ ಬಂತು. ಸಿಯೆರಾ ಕ್ಲಬ್ ಪ್ರಕಟಿಸಿದ 'ಇನ್ ವೈಲ್ಡ್‌ನೆಸ್ ಈಸ್ ದ ಪ್ರಿಸರ್ವೇಶನ್ ಆಫ್ ದ ವರ್ಲ್ಡ್'. ಹೆಸರು ಥೋರೋನ 'ವಾಕಿಂಗ್' ಪ್ರಬಂಧದಿಂದ ತೆಗೆದದ್ದು, ಪ್ರತಿ ಚಿತ್ರದ ಜೊತೆಗೂ ಥೋರೋನ ಸಾಲುಗಳು, ಮುನ್ನುಡಿ ಜೋಸೆಫ್ ವುಡ್ ಕ್ರಚ್‌ನದು, ಚಿತ್ರಗಳು ಪೋರ್ಟರ್‌ನವು. ದೊಡ್ಡ ಆಕಾರದ, ನುಣುಪು ಕಾಗದದ, 25 ಡಾಲರ್ ಬೆಲೆಯ ಪುಸ್ತಕ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೂ ಚೆನ್ನಾಗಿ ಮಾರಿತು, ಮುಂದೆ ಅಗ್ಗದ ಆವೃತ್ತಿಯೂ ಬಂತು. ನನಗೆ ಸಿಕ್ಕಿದ್ದು ಅಂಥದೊಂದು, ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಯಲ್ಲಿ. ಬೆನ್ನು ಬಿಟ್ಟುಕೊಂಡಿದೆ, ಕೆಂಪು ಬಣ್ಣ ಸ್ವಲ್ಪ ಕಂದಿದೆ.

ಪೋರ್ಟರ್ (1901-1990) ಓದಿದ್ದು ವೈದ್ಯಕೀಯ. ಹಾರ್ವರ್ಡ್‌ನಲ್ಲಿ ಜೀವರಸಾಯನ ಶಾಸ್ತ್ರ ಕಲಿಸುತ್ತಾ, ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾ, ಬಿಡುವಿನಲ್ಲಿ ಹಕ್ಕಿಗಳ ಫೋಟೋ ತೆಗೆಯುತ್ತಿದ್ದ. 1938ರ ಕೊನೆಯಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ನ್ಯೂಯಾರ್ಕಿನ ತನ್ನ ಗ್ಯಾಲರಿಯಲ್ಲಿ ಇವನ ಕಪ್ಪುಬಿಳುಪು ಚಿತ್ರಗಳನ್ನು ಪ್ರದರ್ಶನಕ್ಕಿಟ್ಟ. ಅದಾದ ಮೇಲೆ ಹಾರ್ವರ್ಡ್ ಕೆಲಸ ಬಿಟ್ಟ. ಬಣ್ಣಕ್ಕೆ ಬಂದ ಕಾರಣ ಮಾತ್ರ ಕಲೆಯದಲ್ಲ. ಹಕ್ಕಿಗಳ ಪುಸ್ತಕ ಮಾಡೋಣವೆಂದು ಪ್ರಕಾಶಕರ ಬಳಿ ಹೋದಾಗ, ಕಪ್ಪುಬಿಳುಪಿನಲ್ಲಿ ಯಾವ ಹಕ್ಕಿ ಎಂದು ಗುರುತು ಹತ್ತುವುದೇ ಕಷ್ಟ ಎಂದರಂತೆ. ಅಂದರೆ ಅವನಿಗೆ ಬಣ್ಣ ಮೊದಲು ಮಾಹಿತಿ, ಆಮೇಲೆ ಸೊಗಸು. ಹಕ್ಕಿಯಿಂದ ಎಲೆಗೆ ಬಂದ ಮೇಲೂ ಈ ಸ್ವಭಾವ ಬಿಡಲಿಲ್ಲ. ಚಿತ್ರಗಳಿಗೆ ಅವನು ಕೊಡುವ ಹೆಸರುಗಳನ್ನು ನೋಡಿ: 'ಮೇಪಲ್ ಮತ್ತು ಬರ್ಚ್ ಕಾಂಡಗಳು, ಓಕ್ ಎಲೆಗಳು, ಪಾಸಕಾನವೇ ರಸ್ತೆ, ನ್ಯೂ ಹ್ಯಾಂಪ್‌ಶೈರ್, ಅಕ್ಟೋಬರ್ 7, 1956'. ಇದು ಪ್ರಯೋಗಾಲಯದ ಚೀಟಿಯ ಭಾಷೆ. ಯಾವ ಮರ, ಯಾವ ಜಾಗ, ಯಾವ ದಿನ. 'ಶರತ್ಕಾಲದ ಸೊಬಗು' ಎಂಬಂಥ ಶೀರ್ಷಿಕೆ ಅವನಲ್ಲಿ ಕಾಣಸಿಗುವುದಿಲ್ಲ.

ಈಗ ಚಿತ್ರದೊಳಗೆ ನೋಡೋಣ. ನಮ್ಮ ಮನೆಯ ಸೀನರಿಯಲ್ಲಿ ಒಂದು ದಾರಿ ಇತ್ತು ಎಂದೆನಲ್ಲ. ಆ ಜಾತಿಯ ಎಲ್ಲ ಚಿತ್ರಗಳಲ್ಲೂ ಇರುತ್ತದೆ: ದಾರಿ, ಇಲ್ಲವೇ ಸೇತುವೆ, ಇಲ್ಲವೇ ಸರೋವರದಂಚಿನ ಬೆಂಚು. ಕಣ್ಣನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ದೂರದ ಬೆಳಕಿನಲ್ಲಿ ಬಿಟ್ಟುಬಿಡುತ್ತವೆ. ಪೋರ್ಟರ್ ಇದಕ್ಕೆ ಪೂರಾ ವಿರುದ್ಧ. ಮೇಲೆ ಹೆಸರಿಸಿದ ಚಿತ್ರದಲ್ಲಿ ಮರದ ತುದಿಯೂ ಇಲ್ಲ, ಬುಡವೂ ಇಲ್ಲ. ಕಾಂಡಗಳು ಬೇಲಿಯ ಗೂಟಗಳ ಹಾಗೆ ಎದುರಿಗೆ ನಿಂತಿವೆ; ಅವುಗಳ ಸಂದಿಯಲ್ಲಿ ಎಲೆಗಳು. ಆಕಾಶವಿಲ್ಲ, ದಿಗಂತವಿಲ್ಲ, ಒಳಹೋಗಲು ದಾರಿ ಇಲ್ಲ. ಬಿಸಿಲೂ ಇಲ್ಲ, ಬೆಳಕು ಯಾವ ದಿಕ್ಕಿನಿಂದ ಬಂತು ಎನ್ನುವ ಸುಳಿವಿಲ್ಲದೆ ಎಲ್ಲ ಕಡೆ ಒಂದೇ ಸಮ ಹರಡಿದೆ. ಮೊದಲ ಸಲ ನೋಡಿದಾಗ ಏನು ನೋಡಬೇಕು ಎಂಬುದೇ ತಿಳಿಯಲಿಲ್ಲ. ಮಧ್ಯೆ ನಿಂತ 'ನಾಯಕ' ಇಲ್ಲದ ಚಿತ್ರ ಅದು. ನಿಂತು ನೋಡಿದರೆ ಮಾತ್ರ ಒಂದು ಕೆಂಪು ಇನ್ನೊಂದು ಕೆಂಪಲ್ಲ, ಬರ್ಚಿನ ಬಿಳುಪಿನಲ್ಲಿ ಸ್ವಲ್ಪ ನೀಲಿ ಸೇರಿದೆ ಎಂಬಂಥವು ಒಂದೊಂದಾಗಿ ಕಾಣತೊಡಗುತ್ತವೆ.

'ಪೂಲ್ ಇನ್ ಎ ಬ್ರೂಕ್' (1953ರ ಅಕ್ಟೋಬರ್ 4) ನನಗೆ ಇನ್ನೂ ಇಷ್ಟ. ತೊರೆಯ ಮಡುವೊಂದರ ಕಪ್ಪು ನೀರು, ಅದರ ಮೇಲೆ ತೇಲುವ ಕೆಲವು ಎಲೆ, ನೀರಿನ ಮೇಲೆ ಬಿದ್ದ ಬೆಳಕು. ಇಲ್ಲಿ ಆಕಾಶ ಇರುವುದು ಪ್ರತಿಬಿಂಬದಲ್ಲಿ ಮಾತ್ರ. ಬಣ್ಣ ತುಂಬಿ ನಿಂತ ಕಾಡು ಸುತ್ತ ಇರುವಾಗ ಅದಕ್ಕೆ ಬೆನ್ನು ಹಾಕಿ, ತಲೆ ಬಗ್ಗಿಸಿ ನೀರನ್ನು ನೋಡಿದ ಮನುಷ್ಯ ಇವನು. ಶರತ್ಕಾಲವನ್ನು ಮರದ ಮೇಲೆ ನೋಡದೆ ಮರ ಬಿಟ್ಟುಕೊಟ್ಟ ಮೇಲೆ ನೋಡಿದ.

ಇದೇ ಕಾಲದಲ್ಲಿ ಆನ್ಸೆಲ್ ಆ್ಯಡಮ್ಸ್ ನ್ಯೂ ಮೆಕ್ಸಿಕೋದಲ್ಲಿ ಆ್ಯಸ್ಪೆನ್ ಮರಗಳ ಪ್ರಸಿದ್ಧ ಚಿತ್ರಗಳನ್ನು ತೆಗೆದ (1958). ಅದೂ ಶರತ್ಕಾಲವೇ, ಎಲೆಗಳು ಹಳದಿ. ಆದರೆ ಕಪ್ಪುಬಿಳುಪಿನಲ್ಲಿ ಆ ಹಳದಿ ಬೆಳ್ಳಿಯಾಗಿ, ಕತ್ತಲೆಯ ಮುಂದೆ ಹೊಳೆಯುತ್ತದೆ. ಅದ್ಭುತ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ನೋಡಿ ಋತು ಯಾವುದು ಎಂದು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಆ್ಯಡಮ್ಸ್‌ನ ಮರಗಳು ಕಾಲದಿಂದ ಹೊರಗೆ ನಿಂತಿವೆ. ಪೋರ್ಟರ್‌ನ ಎಲೆಗಳು ಅಕ್ಟೋಬರ್ ಏಳನೆಯ ತಾರೀಕಿನಲ್ಲಿವೆ, ಎಂಟನೆಯ ತಾರೀಕು ಬೇರೆಯಾಗಿರುತ್ತವೆ. ಬಣ್ಣದ ಫೋಟೋ ಎಂದರೆ ಜಾಹೀರಾತು, ಕ್ಯಾಲೆಂಡರು ಎಂದು ಕಲಾಲೋಕ ಮೂಗು ಮುರಿಯುತ್ತಿದ್ದ ದಿನಗಳು ಅವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಮೊದಲ ಬಾರಿಗೆ ಒಬ್ಬನೇ ಛಾಯಾಗ್ರಾಹಕನ ಬಣ್ಣದ ಚಿತ್ರಗಳ ಪ್ರದರ್ಶನ ಮಾಡಿದ್ದು 1979ರಲ್ಲಿ; ಅದು ಪೋರ್ಟರ್‌ನದೇ. ಅಷ್ಟು ಹೊತ್ತಿಗೆ ಅವನಿಗೆ ಎಪ್ಪತ್ತೆಂಟು ವರ್ಷ.

ಬಣ್ಣ ನಿಜವೋ, ಮಾಡಿದ್ದೋ? ಪೋರ್ಟರ್‌ನ ಬಗ್ಗೆ ಎದ್ದ ತಕರಾರುಗಳಲ್ಲಿ ಇದೂ ಒಂದು. ಅವನು ಬಳಸುತ್ತಿದ್ದದ್ದು ಡೈ ಟ್ರಾನ್ಸ್‌ಫರ್ ಎಂಬ ವಿಧಾನ. ಬಣ್ಣದ ಪಾರದರ್ಶಕ ಫಿಲ್ಮಿನಿಂದ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಮೂರು ಬೇರೆ ಬೇರೆ ನೆಗೆಟಿವ್ ಮಾಡಿಕೊಳ್ಳಬೇಕು. ಪ್ರತಿಯೊಂದರಿಂದ ಜೆಲಟಿನ್ ಅಚ್ಚು. ಆ ಅಚ್ಚುಗಳನ್ನು ಒಂದೊಂದು ಬಣ್ಣದಲ್ಲಿ ನೆನೆಸಿ, ಒಂದರ ಮೇಲೊಂದು ಕೂದಲೆಳೆಯಷ್ಟೂ ಜರುಗದಂತೆ ಕಾಗದದ ಮೇಲೆ ಒತ್ತಬೇಕು. ನಮ್ಮ ಕಡೆ ಸೀರೆಗೆ ಅಚ್ಚು ಹಾಕುವವರು ಬಣ್ಣಕ್ಕೊಂದು ಅಚ್ಚು ಇಟ್ಟುಕೊಳ್ಳುತ್ತಾರಲ್ಲ, ತತ್ವ ಅದೇ. ಯಾವ ಬಣ್ಣ ಎಷ್ಟು ಎಂಬುದು ಮಾಡುವವನ ಕೈಯಲ್ಲಿ. ಹಾಗಾಗಿ ಪೋರ್ಟರ್‌ನ ಕೆಂಪು ಕಾಡಿನದೂ ಹೌದು, ಅವನ ಡಾರ್ಕ್‌ರೂಮಿನದೂ ಹೌದು.

ಆದರೆ ಎಲೆಯದೇ ಕಥೆ ಏನು? ಚಳಿ ಬೀಳುತ್ತಿದ್ದಂತೆ ಎಲೆಯ ಹಸಿರು, ಅಂದರೆ ಕ್ಲೋರೋಫಿಲ್, ಒಡೆಯತೊಡಗುತ್ತದೆ. ಆಗ ಕಾಣುವ ಹಳದಿ ಹೊಸದಲ್ಲ. ಬೇಸಿಗೆಯುದ್ದಕ್ಕೂ ಹಸಿರಿನ ಹಿಂದೆ ಇದ್ದದ್ದೇ. ಕೆಂಪು ಹಾಗಲ್ಲ. ಆಂಥೋಸಯಾನಿನ್ ಎಂಬ ಕೆಂಪನ್ನು ಮರ ಆಗಷ್ಟೇ, ಎಲೆಯಲ್ಲಿ ಉಳಿದ ಸಕ್ಕರೆಯಿಂದ, ಹೊಸದಾಗಿ ತಯಾರಿಸುತ್ತದೆ. ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಇದ್ದರೆ ಕೆಂಪು ಹೆಚ್ಚು. ಇನ್ನೇನು ಉದುರಿಸಲಿರುವ ಎಲೆಗೆ ಈ ಖರ್ಚು ಏಕೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ವಾದವಿದೆ. ಹಳದಿ ಬಯಲಾದದ್ದು, ಕೆಂಪು ಮಾಡಿಕೊಂಡದ್ದು. ಜೀವರಸಾಯನ ಶಾಸ್ತ್ರ ಕಲಿಸಿದ ಮನುಷ್ಯನ ಕೈಯಲ್ಲಿ ಈ ಎಲೆಗಳ ಬಣ್ಣ ಮತ್ತೆ ಅಚ್ಚಾಗಿ ಬರುವುದರಲ್ಲಿ ಒಂದು ಔಚಿತ್ಯವಿದೆ ಎಂದು ನನಗನ್ನಿಸುತ್ತದೆ. 'ನಿಜವಾದ ಬಣ್ಣ' ಎಂಬ ದೂರು ಮರದ ಮೇಲೂ ಹಾಕಬಹುದಾದದ್ದೇ.

ಇಷ್ಟೆಲ್ಲ ಮೆಚ್ಚಿದ ಮೇಲೂ ಈ ಪುಸ್ತಕದ ಜೊತೆ ನನಗೊಂದು ಜಗಳವಿದೆ. ಅದು ಥೋರೋನನ್ನು ನಡೆಸಿಕೊಂಡ ರೀತಿಯ ಬಗ್ಗೆ. 'ಆಟಮ್ನಲ್ ಟಿಂಟ್ಸ್' ಕಾಡಿನ ಪ್ರಬಂಧವೇ ಅಲ್ಲ, ಬಹುಪಾಲು ಊರಿನ ಪ್ರಬಂಧ. ಬೀದಿಯ ಎಲ್ಮ್ ಮರಗಳು ಹಣ್ಣಾಗಿ ಜನರ ತಲೆಯ ಮೇಲೆ ಎಲೆ ಉದುರಿಸುವಾಗ, ಇವುಗಳಷ್ಟು ಪಕ್ವತೆ ಇವುಗಳ ಕೆಳಗೆ ಬದುಕುವವರಲ್ಲಿದೆಯೇ ಎಂದು ಚುಚ್ಚುತ್ತಾನೆ. ಊರ ನಡುವಿನ ಬಯಲಿನಲ್ಲಿ ನೆಟ್ಟ ಮೇಪಲ್ ಮರಗಳ ಲೆಕ್ಕ ಹಾಕುತ್ತಾನೆ, ಊರಿಗೆ ಅವು ಎಷ್ಟು ಅಗ್ಗದ ಉಪಕಾರ ಎಂದು ವಾದಿಸುತ್ತಾನೆ. ಊರಿನ ಆಡಳಿತಗಾರನನ್ನು ಗುಡ್ಡದ ತುದಿಗೆ ಹತ್ತಿಸಿ, ಅವನಿಗೇನು ಕಾಣುತ್ತದೆ ನೋಡೋಣ ಎಂದು ಕುಟುಕುತ್ತಾನೆ. ಇದೆಲ್ಲ ಪೋರ್ಟರ್‌ನ ಪುಸ್ತಕದಲ್ಲಿ ಸೋರಿಹೋಗಿದೆ. ಚಿತ್ರಗಳಲ್ಲಿ ಮನುಷ್ಯರಿಲ್ಲ, ಮನೆಗಳಿಲ್ಲ. ಚಿತ್ರಕ್ಕೆ ಹೊಂದುವ ಸಾಲುಗಳನ್ನು ಆರಿಸಿಕೊಂಡ ಮೇಲೆ ಉಳಿಯುವುದು ಮೆತ್ತಗಿನ, ಧ್ಯಾನಸ್ಥ ಥೋರೋ. ಜಗಳಗಂಟ ಥೋರೋ ಮಾಯ. ಅವನ ಗದ್ಯ ಇಲ್ಲಿ ಚಿತ್ರದ ಅಡಿಬರಹವಾಗಿದೆ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಥೋರೋನ ಕಾಲದ ನ್ಯೂ ಇಂಗ್ಲೆಂಡ್ ಬಹುಮಟ್ಟಿಗೆ ಮರ ಕಡಿದು ಹೊಲ ಮಾಡಿದ ನಾಡು. ಆಮೇಲೆ ರೈತರು ಆ ಕಲ್ಲುಭೂಮಿಯನ್ನು ಬಿಟ್ಟು ಪಶ್ಚಿಮಕ್ಕೋ ಪೇಟೆಗೋ ಹೋದರು. ಬಿಟ್ಟ ಹೊಲಗಳಲ್ಲಿ ಕಾಡು ಮತ್ತೆ ಎದ್ದಿತು. ಇವತ್ತಿಗೂ ಅಲ್ಲಿನ ಕಾಡಿನ ಮಧ್ಯೆ ಹಳೆಯ ಹೊಲದ ಕಲ್ಲುಗೋಡೆಗಳು ಸಿಗುತ್ತವೆ. ಆ ಸೀಮೆಯಲ್ಲಿ 'ವೈಲ್ಡ್‌ನೆಸ್' ಎಂದು ನಾವು ನೋಡುವುದರಲ್ಲಿ ದೊಡ್ಡ ಪಾಲು ಮನುಷ್ಯ ಬಿಟ್ಟುಹೋದ ಗದ್ದೆಬಯಲು. ಇದು ಅವಮಾನವಲ್ಲ, ಸಂತೋಷದ ಸಂಗತಿಯೇ. ಆದರೆ ಚೌಕಟ್ಟು ಅದನ್ನು ಹೇಳುವುದಿಲ್ಲ. ದಿಗಂತವನ್ನು ಕತ್ತರಿಸಿದಾಗ ಇತಿಹಾಸವೂ ಕತ್ತರಿಸಿಹೋಯಿತು. ಪುಸ್ತಕ ಋತುಗಳ ಕ್ರಮದಲ್ಲಿ ಸಾಗುತ್ತದೆ, ಒಂದು ವರ್ಷದ ಕಥೆ ಹೇಳುತ್ತದೆ. ಚಿತ್ರಗಳು ಮಾತ್ರ ಹಲವು ವರ್ಷಗಳವು. ಇದನ್ನು ನಾನು ತಪ್ಪೆನ್ನುವುದಿಲ್ಲ, ಥೋರೋ ಕೂಡ ವಾಲ್ಡನ್ ಕೊಳದ ಬಳಿ ಕಳೆದ ಎರಡು ವರ್ಷವನ್ನು ಪುಸ್ತಕದಲ್ಲಿ ಒಂದಾಗಿ ಮಡಿಸಿದ್ದ. ಆದರೆ ಪ್ರತಿ ವರ್ಷ ಹೀಗೇ ಬರುತ್ತದೆ ಎಂಬ ಭರವಸೆಯನ್ನು ಅದು ಕೊಡುತ್ತದೆ, ಆ ಭರವಸೆ ಈಗ ಅಷ್ಟು ಗಟ್ಟಿಯಾಗಿಲ್ಲ.

ಮರುವರ್ಷ, 1963ರಲ್ಲಿ, ಪೋರ್ಟರ್‌ನ 'ದ ಪ್ಲೇಸ್ ನೋ ಒನ್ ನ್ಯೂ' ಬಂತು. ಕೊಲರಾಡೋ ನದಿಯ ಗ್ಲೆನ್ ಕ್ಯಾನ್ಯನ್ ಕಣಿವೆಯ ಚಿತ್ರಗಳು. ಪುಸ್ತಕ ಬರುವಾಗ ಅಣೆಕಟ್ಟಿನ ಬಾಗಿಲು ಮುಚ್ಚಿ ನೀರು ಏರುತ್ತಿತ್ತು. ಶರಾವತಿಯ ದಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಿಂಗನಮಕ್ಕಿಯ ನೀರೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಏರಿದ್ದು. ಸಿಯೆರಾ ಕ್ಲಬ್ಬಿನ ಡೇವಿಡ್ ಬ್ರೋವರ್ ಇಂಥ ಪುಸ್ತಕಗಳನ್ನು ಮಾಡಿದ್ದೇ ಹೋರಾಟದ ಆಯುಧವಾಗಿ. ಸುಂದರವಾದದ್ದನ್ನು ತೋರಿಸು, ಜನ ಉಳಿಸುತ್ತಾರೆ ಎಂಬುದು ತರ್ಕ. ತರ್ಕ ಕೆಲವೊಮ್ಮೆ ಫಲಿಸಿತು. ಅದರ ಇನ್ನೊಂದು ತುದಿ ಮಾತ್ರ ಚೂಪಾಗಿದೆ: ಚಿತ್ರದಲ್ಲಿ ಚೆನ್ನಾಗಿ ಬರದಿದ್ದರೆ?

ಈ ಪ್ರಶ್ನೆ ನನ್ನನ್ನು ಚಳ್ಳಕೆರೆಗೆ ಎಳೆಯುತ್ತದೆ. ಅಲ್ಲಿನ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು 2010ರ ಆಸುಪಾಸಿನಲ್ಲಿ ರಕ್ಷಣಾ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿ ಮೇಯಿಸುವವರಿಗೆ, ಕೃಷ್ಣಮೃಗಕ್ಕೆ, ಎರೆಭೂತ ಹಕ್ಕಿಗೆ ಅದು ಏನಾಗಿತ್ತು ಎಂಬುದು ಬೇರೆ. ಕಾಗದದ ಮೇಲೆ ಹುಲ್ಲುಗಾವಲು ಎಂದರೆ ಪಾಳುಭೂಮಿಯ ಲೆಕ್ಕ. ಮುಂಗಾರು ಹಿಂದೆ ಸರಿದ ಮೇಲೆ, ಅಕ್ಟೋಬರ್ ನವೆಂಬರಿನಲ್ಲಿ, ಕಾವಲಿನ ಹುಲ್ಲು ಹಸಿರಿನಿಂದ ಹೊಂಬಣ್ಣಕ್ಕೆ, ಎಳೆಬಿಸಿಲಿನಲ್ಲಿ ಕೆಲವು ಕಡೆ ತಾಮ್ರಕ್ಕೆ ತಿರುಗುತ್ತದೆ. ಇದಕ್ಕಿಂತ ನಮ್ಮದಾದ ಶರತ್ಕಾಲದ ಬಣ್ಣ ಇನ್ನೊಂದಿಲ್ಲ. ಹುಚ್ಚೆಳ್ಳಿನ ಹಳದಿ ಸಾಲುಗಳು ರಾಗಿ ಹೊಲಗಳ ಮಧ್ಯೆ ಹೊಳೆಯುವುದೂ ಆಗಲೇ. ಆದರೆ ನಮ್ಮ ನಿಸರ್ಗ ಛಾಯಾಗ್ರಹಣ ಹುಲಿ, ಆನೆ, ಹಕ್ಕಿಗಳ ಹಿಂದೆ ಹೋದಷ್ಟು ಹುಲ್ಲಿನ ಹಿಂದೆ ಹೋಗಲಿಲ್ಲ.

ಇಲ್ಲಿ ಥೋರೋ ಪೋರ್ಟರ್‌ಗಿಂತ ಮುಂದಿದ್ದಾನೆ. 'ಆಟಮ್ನಲ್ ಟಿಂಟ್ಸ್' ಎಲೆಯ ಪ್ರಬಂಧವೆಂದು ಪ್ರಸಿದ್ಧ, ಆದರೆ ಅದರ ಮೊದಲ ಭಾಗ ಹುಲ್ಲಿನ ಬಗ್ಗೆ. ಹುಲ್ಲು ಕೊಯ್ಯುವವನು ಬಿಟ್ಟುಹೋದ ಬಡ ಮಣ್ಣಿನ ಅಂಚಿನಲ್ಲಿ ನೇರಳೆ ಬಣ್ಣದ ಒಂದು ಸಣ್ಣ ಹುಲ್ಲು. ದೂರದಿಂದ ನೋಡಿದರೆ ಹೊಳೆಯುವ ಬಣ್ಣದ ಪಟ್ಟಿ, ಹತ್ತಿರ ಹೋಗಿ ಒಂದೆಳೆ ಕಿತ್ತರೆ ಬಣ್ಣವೇ ಇಲ್ಲ. ದನಕ್ಕೂ ರೈತನಿಗೂ ಬೇಡವಾದ ಹುಲ್ಲು. ಮೇಪಲ್ ಮರಕ್ಕೆ ಬರುವ ಮೊದಲು ಅವನು ಓದುಗರನ್ನು ಅದರ ಮುಂದೆ ನಿಲ್ಲಿಸುತ್ತಾನೆ. ಪ್ರಬಂಧದ ಕೊನೆಯಲ್ಲಿ ಅವನು ಹೇಳುವ ಮಾತು ಇದಕ್ಕೆ ಕೂಡಿಕೊಳ್ಳುತ್ತದೆ: ನಮಗೆ ಕಾಣದಿರುವುದು ಮರೆಯಲ್ಲಿದ್ದು ಕಾಣದಿರುವುದಲ್ಲ, ಅದನ್ನು ನೋಡುವ ಮನಸ್ಸನ್ನು ನಾವು ತೆಗೆದುಕೊಂಡು ಹೋಗಿರುವುದಿಲ್ಲ.

ನಮಗೆ ತೊಂದರೆ ಪದದಿಂದಲೇ ಶುರುವಾಗುತ್ತದೆ. ಶಾಲೆಯಲ್ಲಿ ಆಟಮ್ ಎಂದರೆ ಶರದೃತು ಎಂದು ಕಲಿತೆವು. ಆಶ್ವಯುಜ, ಕಾರ್ತಿಕ. ನವರಾತ್ರಿ, ತೊಳೆದಿಟ್ಟ ಆಕಾಶ, ಬೆಳದಿಂಗಳು, ತಿಳಿಯಾದ ಕೆರೆ. ನಮ್ಮ ಶರತ್ತಿನ ಬಣ್ಣ ಬಿಳಿ. ಅದರಲ್ಲಿ ಎಲೆ ಉದುರುವ ಮಾತೇ ಇಲ್ಲ. ಎಲೆ ಉದುರುವುದು ಶಿಶಿರದಲ್ಲಿ, ಮಾಘ ಫಾಲ್ಗುಣದಲ್ಲಿ. ಭದ್ರಾ ಕಾಡಿನ ತೇಗ, ಮತ್ತಿ, ನಂದಿ ಮರಗಳು ಬೋಳಾಗುವುದು ಆಗ. ಅಲ್ಲಿನ ತೇಗದೆಲೆ ಕೆಂಪಾಗುವುದಿಲ್ಲ, ಕಂದಾಗಿ ಹಪ್ಪಳದಂತೆ ಸದ್ದು ಮಾಡುತ್ತದೆ. ಕೆಂಪು ಬರುವುದು ಅದಾದ ಮೇಲೆ, ಚಿಗುರಿನಲ್ಲಿ. ಸಾಗಡೆ ಮರ ಮಾರ್ಚಿನಲ್ಲಿ ಕೆಂಡದಂತೆ ಚಿಗುರುತ್ತದೆ. ನಾಗಸಂಪಿಗೆ, ಮಾವು, ಅರಳಿ ಒಂದೊಂದು ಬಗೆಯ ತಾಮ್ರ. ಆ ಕೆಂಪಿಗೂ ಕಾರಣ ಅದೇ ಆಂಥೋಸಯಾನಿನ್. ಅಲ್ಲಿ ಮರ ಮುದಿ ಎಲೆಗೆ ಕೊಡುವ ಬಣ್ಣವನ್ನು ಇಲ್ಲಿ ಮರ ಎಳೆ ಎಲೆಗೆ ಕೊಡುತ್ತದೆ. ಕೆಂದಳಿರು ಎಂಬ ಪದ ನಮ್ಮ ಹಳೆಯ ಕವಿಗಳಿಗೆ ಎಷ್ಟು ಸಲೀಸಾಗಿತ್ತು ಎಂದು ನೆನೆದರೆ, ಅವರು ಕಟ್ಟಳೆಗಾಗಿ ಮಾತ್ರ ಋತುವರ್ಣನೆ ಮಾಡಿದರು ಎಂದು ನನ್ನ ಸಿನಾಪ್ಸಿಸ್‌ನಲ್ಲಿ ಬರೆದ ವಾಕ್ಯವನ್ನು ತಿದ್ದಬೇಕಾಗಿ ಬರುತ್ತದೆ. ತಿದ್ದಿದ್ದೇನೆ.

ನಮ್ಮ ಹಾಸ್ಟೆಲಿನ ಎದುರು ಒಂದು ಬಾದಾಮಿ ಮರವಿದೆ. ನಮ್ಮಲ್ಲಿ ಉದುರುವ ಮೊದಲು ನಿಜಕ್ಕೂ ಕೆಂಪಾಗುವ ಕೆಲವೇ ಮರಗಳಲ್ಲಿ ಅದೊಂದು. ಪೋರ್ಟರ್‌ನನ್ನು ಓದಿದ ಗುಂಗಿನಲ್ಲಿ ಕಳೆದ ಜನವರಿಯಲ್ಲಿ ಒಂದು ವಾರ ಬೆಳಿಗ್ಗೆ ಎದ್ದು ಅದರ ಕೆಳಗೆ ಕೂತು, ಬಿದ್ದ ಎಲೆಗಳ ಫೋಟೋ ತೆಗೆದೆ. ಬಿಸಿಲು ಬರುವ ಮೊದಲು, ಆಕಾಶ ಸೇರಿಸದೆ, ದಿನಾಂಕ ಬರೆದುಕೊಂಡು. ಫೋನು ತಾನಾಗಿ ಕೆಂಪನ್ನು ಇನ್ನಷ್ಟು ಕೆಂಪು ಮಾಡುತ್ತಿತ್ತು. ಅದನ್ನು ಆರಿಸುವ ಗುಂಡಿ ಹುಡುಕಲು ಒಂದು ದಿನ ಹಿಡಿಯಿತು. ಗುಡಿಸುವ ಅಮ್ಮ ಮೂರನೆಯ ದಿನ ಪೊರಕೆ ಊರಿ ನಿಂತು ಕೇಳಿದರು: "ಏನವ್ವಾ, ಕಸದ ಫೋಟೋ ಹೊಡೀತಿದೀಯ?" ಕಸ ಅಲ್ಲಮ್ಮಾ, ಹಣ್ಣೆಲೆ ಎಂದೆ. "ಹಣ್ಣಾದ್ರೇನು, ಉದುರಿದ ಮ್ಯಾಲೆ ನಂಗೆ ಗುಡಿಸೋ ಕೆಲ್ಸಾನೇ. ಬೇಗ ಹೊಡ್ಕಾ, ಎಂಟು ಗಂಟೆಗೆ ಮೇಸ್ತ್ರಿ ಬರ್ತಾನೆ" ಎಂದು ನಾನು ಕೂತ ಜಾಗವನ್ನು ಬಿಟ್ಟು ಸುತ್ತ ಗುಡಿಸಿದರು. ಆ ವಾರದ ಚಿತ್ರಗಳಲ್ಲಿ ನನಗೆ ಇಷ್ಟವಾದದ್ದು ಒಂದೇ: ನೆಲದ ಮೇಲೆ ಪೊರಕೆಯ ಗೆರೆಗಳು, ಅವುಗಳ ನಡುವೆ ಉಳಿದ ನಾಲ್ಕೈದು ಕೆಂಪು ಎಲೆ. ಪೋರ್ಟರ್ ಆ ಗೆರೆಗಳನ್ನು ಚೌಕಟ್ಟಿನ ಹೊರಗೆ ಬಿಡುತ್ತಿದ್ದ ಎಂದು ನನ್ನ ಅಂದಾಜು. ಥೋರೋ ಬಿಡುತ್ತಿರಲಿಲ್ಲ.

ನಮ್ಮ ದೊಡ್ಡಮ್ಮನ ಮಗ ಮ್ಯಾಸಚೂಸೆಟ್ಸ್‌ನಲ್ಲಿದ್ದಾನೆ. ಪ್ರತಿ ಅಕ್ಟೋಬರಿನಲ್ಲಿ ಕುಟುಂಬದ ವಾಟ್ಸಾಪ್ ಗುಂಪಿಗೆ ಅವನ ಕೆಂಪು ಕಾಡುಗಳು ಬರುತ್ತವೆ. ಅತ್ತಿಗೆ, ಮಕ್ಕಳು ಎಲೆ ಎರಚುತ್ತಿರುತ್ತಾರೆ. ಒಂದು ವರ್ಷ ಬರಲಿಲ್ಲ. ಕೇಳಿದ್ದಕ್ಕೆ, "ಹೋಗೋದ್ರಲ್ಲಿ ಪೀಕ್ ಮುಗಿದುಹೋಗಿತ್ತು ಕಣೇ" ಎಂದ. ಥೋರೋನ ಪ್ರಬಂಧದಲ್ಲೂ ಇಂಥವನೊಬ್ಬ ಬರುತ್ತಾನೆ, ಹದಿನೈದು ದಿನ ತಡವಾಗಿ ಬಂದು, ಇದಕ್ಕಿಂತ ಹೆಚ್ಚಿನ ಬಣ್ಣ ಇತ್ತೆಂದರೆ ನಂಬಲಾರದವನು. ಈ ಸಲ ಊರಿಗೆ ಹೋದಾಗ ಲಕ್ಕವಳ್ಳಿ ರಸ್ತೆಯಲ್ಲಿ ಬಸ್ಸಿನಿಂದಿಳಿದು ಸಾಗಡೆ ಮರವೊಂದರ ಚಿಗುರನ್ನು, ದಿಗಂತ ಸೇರಿಸದೆ, ಹತ್ತಿರದಿಂದ ತೆಗೆದು ಗುಂಪಿಗೆ ಹಾಕಿದೆ. ಅಣ್ಣನ ಉತ್ತರ ಐದೇ ನಿಮಿಷದಲ್ಲಿ ಬಂತು: "ಸೂಪರ್! ಎಲ್ಲಿದು, ವರ್ಮಾಂಟಾ? ಯಾರು ತೆಗೆದಿದ್ದು?" ಆ ಚಿತ್ರದ ಕೆಳಗೆ ಬರೆದೆ: ಸಾಗಡೆ ಚಿಗುರು, ಲಕ್ಕವಳ್ಳಿ ರಸ್ತೆ, ತರೀಕೆರೆ ತಾಲ್ಲೂಕು, ಮಾರ್ಚ್ 11. ಅಮ್ಮ ಅದನ್ನು ನೋಡಿ, ಬಣ್ಣ ಬಳಿಸುವಾಗ ಕಿತ್ತ ಸೀನರಿಯ ಜಾಗದಲ್ಲಿ ಇದನ್ನು ದೊಡ್ಡದು ಮಾಡಿಸಿ ಹಾಕೋಣವೇ ಎಂದು ಕೇಳಿದ್ದಾಳೆ.